ಕೈಚೀಲಕ್ಕೆ ಯಾವುದು, ಲಗೇಜಿಗೆ ಯಾವುದು?

ವಿಮಾನ ಪ್ರಯಾಣ ಈಗ ದೊಡ್ಡ ಊರಿನವರಿಗೆ ಮಾತ್ರ ಸೇರಿದ್ದಲ್ಲ. ಬೆಂಗಳೂರು, ಮಂಗಳೂರುಗಳ ಜೊತೆಗೆ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದಲ್ಲೂ ಜನ ವಿಮಾನ ಹತ್ತುತ್ತಿದ್ದಾರೆ. ಗಲ್ಫ್‌ಗೆ ಕೆಲಸಕ್ಕೆ ಹೊರಟ ಕರಾವಳಿಯ ಹುಡುಗರು, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರು, ಶಬರಿಮಲೆಗೆ ಹೊರಟ ಮಾಲಾಧಾರಿಗಳು, ಮೊದಲ ಸಲ ದೆಹಲಿ ನೋಡಲು ಹೊರಟ ರೈತ ದಂಪತಿ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಭದ್ರತಾ ತಪಾಸಣೆಯ ಆ ಸಾಲಿನ ಕೊನೆಯಲ್ಲಿ ಯಾರದೋ ಚೀಲದಿಂದ ತುಪ್ಪದ ಡಬ್ಬಿ ಹೊರಬರುತ್ತದೆ, ಯಾರದೋ ಕೊಬ್ಬರಿ ಅಲ್ಲೇ ಉಳಿಯುತ್ತದೆ. ವಾರಗಟ್ಟಲೆ ಕಷ್ಟಪಟ್ಟು, ಪ್ರೀತಿಯಿಂದ ಮಾಡಿಟ್ಟ ತಿನಿಸು ಹೀಗೆ ಕಸದ ಬುಟ್ಟಿ ಸೇರುವುದು ನೋಡಲಾಗದ ಸಂಗತಿ. ಬಹುಪಾಲು ಸಲ ಅದನ್ನು ತಪ್ಪಿಸಬಹುದು ಎನ್ನುವುದು ಇನ್ನೂ ಬೇಸರದ ಸಂಗತಿ.

ಯಾವುದನ್ನು ಒಯ್ಯಬಹುದು, ಯಾವುದನ್ನು ಒಯ್ಯಬಾರದು ಎಂಬ ಪಟ್ಟಿ ಉದ್ದವಾಗಿದೆ. ಅದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಅದರ ಹಿಂದೆ ಇರುವುದು ಎರಡೇ ಭಯ. ಒಂದು, ವಿಮಾನದೊಳಗೆ ಯಾರಾದರೂ ಆಯುಧ ಹಿಡಿದಾರು, ಸ್ಫೋಟಕ ತಂದಾರು ಎಂಬ ಭಯ. ಇನ್ನೊಂದು, ಆಕಾಶದಲ್ಲಿ ಬೆಂಕಿ ಹೊತ್ತಿಕೊಂಡೀತು ಎಂಬ ಭಯ. ಮೊದಲ ಭಯ ಚಾಕು, ಕತ್ತರಿಗಳನ್ನು ಕೈಚೀಲದಿಂದ ತೆಗೆಸಿ ಲಗೇಜಿಗೆ ಕಳಿಸುತ್ತದೆ. ಎರಡನೆಯದು ಬ್ಯಾಟರಿಗಳನ್ನು ಲಗೇಜಿನಿಂದ ತೆಗೆಸಿ ಕೈಚೀಲಕ್ಕೆ ತರುತ್ತದೆ. ಇವೆರಡೂ ಎದುರುಬದುರಾಗಿ ಕೆಲಸ ಮಾಡುವುದರಿಂದಲೇ ಜನರಿಗೆ ಗೊಂದಲ. ಕಾರಣ ತಿಳಿದರೆ, ಪಟ್ಟಿಯಲ್ಲಿ ಇಲ್ಲದ ವಸ್ತುವಿನ ಬಗ್ಗೆಯೂ ನೀವೇ ಸರಿಯಾಗಿ ಊಹಿಸಬಲ್ಲಿರಿ.

ಯಾರ ನಿಯಮ, ಏಕೆ ಬಂತು?

ನಮ್ಮ ದೇಶದಲ್ಲಿ ವಿಮಾನಯಾನ ಭದ್ರತೆಯ ನಿಯಮ ರೂಪಿಸುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್. ಬೆಂಕಿ ಹೊತ್ತಿಕೊಳ್ಳುವ, ಸೋರುವ, ಸಿಡಿಯುವ ಅಪಾಯಕಾರಿ ಸರಕುಗಳ ನಿಯಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು, ಅಂದರೆ ಡಿಜಿಸಿಎಯದ್ದು. ದೊಡ್ಡ ನಿಲ್ದಾಣಗಳಲ್ಲಿ ತಪಾಸಣೆ ಮಾಡುವವರು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ. ನಾವು ಸಿಐಎಸ್‌ಎಫ್ ಎನ್ನುವುದು ಇವರನ್ನೇ. ಕೆಲವು ಸಣ್ಣ ನಿಲ್ದಾಣಗಳಲ್ಲಿ ರಾಜ್ಯದ ಪೊಲೀಸ್ ಪಡೆ ಈ ಕೆಲಸ ನೋಡಿಕೊಳ್ಳುತ್ತದೆ. ಸಾಲಿನಲ್ಲಿ ನಿಂತ ಸಿಬ್ಬಂದಿ ನಿಯಮ ಮಾಡಿದವರಲ್ಲ, ಪಾಲಿಸುವವರು. ಅವರ ಬಳಿ ವಾದ ಮಾಡಿ ಪ್ರಯೋಜನವಿಲ್ಲ.

ಒಂದೊಂದು ನಿಯಮದ ಹಿಂದೆಯೂ ಒಂದೊಂದು ದುರಂತವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಬಳಿ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಮಂದಿ ಸತ್ತರು. ಬಾಂಬ್ ಇದ್ದದ್ದು ಲಗೇಜಿನಲ್ಲಿ. ಆ ಲಗೇಜ್ ಕಳಿಸಿದವನು ವಿಮಾನ ಹತ್ತಿರಲೇ ಇಲ್ಲ. ಲಗೇಜ್ ಕೊಟ್ಟ ಪ್ರಯಾಣಿಕ ಗೇಟಿಗೆ ಬಾರದಿದ್ದರೆ ಇಂದು ಅವನ ಚೀಲವನ್ನು ಹುಡುಕಿ ಕೆಳಗಿಳಿಸುವುದು, ಅದಕ್ಕಾಗಿ ವಿಮಾನ ತಡವಾದರೂ ಸರಿ ಎನ್ನುವುದು ಇದೇ ಕಾರಣಕ್ಕೆ. ಬಿಸಿಎಎಸ್ ಪ್ರತ್ಯೇಕ ಇಲಾಖೆಯಾದದ್ದು ಆ ದುರಂತದ ನಂತರ, 1987ರಲ್ಲಿ. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರು. ಅದಾದ ಮೇಲೆ, 2000ದಲ್ಲಿ ಜೈಪುರದಿಂದ ಆರಂಭಿಸಿ, ನಿಲ್ದಾಣಗಳ ಕಾವಲು ಒಂದೊಂದಾಗಿ ಸಿಐಎಸ್‌ಎಫ್ ಕೈಗೆ ಬಂತು.

ಪವರ್ ಬ್ಯಾಂಕ್: ಕೈಚೀಲದಲ್ಲಿ ಮಾತ್ರ

ಲಗೇಜ್ ಕೊಟ್ಟು ನಿಶ್ಚಿಂತೆಯಿಂದ ಮುಂದೆ ಹೋದವರನ್ನು ಹೆಸರು ಹಿಡಿದು ವಾಪಸ್ ಕರೆಸುವ ವಸ್ತುಗಳಲ್ಲಿ ಪವರ್ ಬ್ಯಾಂಕಿಗೆ ಮೊದಲ ಸ್ಥಾನ. ಅದು ಲಗೇಜಿನಲ್ಲಿ ಇರಲೇಬಾರದು. ಎಕ್ಸ್‌ರೇ ಯಂತ್ರ ಅದನ್ನು ಗುರುತಿಸಿದರೆ, ನೀವು ಬಂದು ಬೀಗ ತೆಗೆದು ಅದನ್ನು ಹೊರತೆಗೆಯುವವರೆಗೆ ಚೀಲ ಮುಂದೆ ಹೋಗುವುದಿಲ್ಲ.

ಕಾರಣ ಸರಳ. ಪವರ್ ಬ್ಯಾಂಕ್‌ನೊಳಗೆ ಇರುವುದು ಲಿಥಿಯಂ ಬ್ಯಾಟರಿ. ಅದು ಜಜ್ಜಿದರೆ, ಒಳಗೆ ಶಾರ್ಟ್ ಆದರೆ, ಕಳಪೆಯಾಗಿದ್ದರೆ ತಾನಾಗಿಯೇ ಬಿಸಿಯಾಗತೊಡಗುತ್ತದೆ. ಆ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸಿ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಹಬ್ಬುತ್ತದೆ. ಸರಕು ಕೋಣೆಯಲ್ಲಿರುವ ಅಗ್ನಿಶಾಮಕ ಅನಿಲ ಮೇಲಿನ ಜ್ವಾಲೆಯನ್ನು ಅದುಮೀತು, ಬ್ಯಾಟರಿಯ ಒಳಗಿನ ಈ ಸರಣಿಯನ್ನು ನಿಲ್ಲಿಸಲಾರದು. 2010ರ ಸೆಪ್ಟೆಂಬರ್‌ನಲ್ಲಿ ಲಿಥಿಯಂ ಬ್ಯಾಟರಿಗಳನ್ನು ಹೊತ್ತಿದ್ದ ಯುಪಿಎಸ್ ಸಂಸ್ಥೆಯ ಸರಕು ವಿಮಾನವೊಂದು ಬೆಂಕಿಗೆ ಸಿಕ್ಕಿ ದುಬೈನಲ್ಲಿ ಬಿತ್ತು, ಇಬ್ಬರೂ ಪೈಲಟ್‌ಗಳು ಸತ್ತರು. ಅದೇ ಬ್ಯಾಟರಿ ಪ್ರಯಾಣಿಕರ ನಡುವೆ ಇದ್ದರೆ ಹೊಗೆ ಬಂದ ಕೂಡಲೇ ಕಣ್ಣಿಗೆ ಬೀಳುತ್ತದೆ, ಸಿಬ್ಬಂದಿ ನೀರು ಸುರಿದು ತಣಿಸಬಲ್ಲರು.

ಎಷ್ಟು ದೊಡ್ಡದನ್ನು ಒಯ್ಯಬಹುದು? ಲೆಕ್ಕ ಇರುವುದು ವ್ಯಾಟ್ ಅವರ್‌ನಲ್ಲಿ. 100 ವ್ಯಾಟ್ ಅವರ್‌ವರೆಗೆ ಅನುಮತಿ ಬೇಡ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡಕ್ಕಿಂತ ಹೆಚ್ಚಿಲ್ಲ. 160 ದಾಟಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ನಿಮ್ಮ ಪವರ್ ಬ್ಯಾಂಕಿನ ಮೇಲೆ ಎಂಎಎಚ್ ಮಾತ್ರ ಬರೆದಿದ್ದರೆ ಆ ಸಂಖ್ಯೆಯನ್ನು 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. 10,000 ಎಂಎಎಚ್ ಎಂದರೆ 37 ವ್ಯಾಟ್ ಅವರ್. 20,000 ಎಂದರೆ 74. ಇವೆರಡಕ್ಕೂ ತೊಂದರೆಯಿಲ್ಲ. 30,000 ಎಂದರೆ 111, ಒಪ್ಪಿಗೆ ಬೇಕು. ಬರಹ ಅಳಿಸಿಹೋಗಿ ಸಾಮರ್ಥ್ಯವೇ ಓದಲಾಗದಿದ್ದರೆ ತಡೆಯುವ ಸಾಧ್ಯತೆ ಹೆಚ್ಚು. ಉಬ್ಬಿದ, ಬಿರುಕು ಬಿಟ್ಟ ಪವರ್ ಬ್ಯಾಂಕನ್ನಂತೂ ಮನೆಯಿಂದಲೇ ಹೊರಡಿಸಬೇಡಿ.

ವಿಮಾನದೊಳಗೆ ಎಲ್ಲಿ ಇಡಬೇಕು ಎನ್ನುವುದೂ ಈಗ ಮುಖ್ಯ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನವೊಂದರ ತಲೆಮೇಲಿನ ಕಪಾಟಿನಲ್ಲಿ ಬೆಂಕಿ ಹೊತ್ತಿಕೊಂಡಿತು. ಒಳಗಿದ್ದ 176 ಮಂದಿಯನ್ನು ತುರ್ತಾಗಿ ಇಳಿಸಿದರು. ಪವರ್ ಬ್ಯಾಂಕೇ ಕಾರಣವಿರಬೇಕೆಂದು ತನಿಖಾಧಿಕಾರಿಗಳು ಹೇಳಿದರು. ಆಮೇಲೆ ಹಲವು ದೇಶಗಳು, ವಿಮಾನ ಸಂಸ್ಥೆಗಳು ನಿಯಮ ಬಿಗಿ ಮಾಡಿದವು. ಗಲ್ಫ್ ಪ್ರಯಾಣಿಕರಿಗೆ ಪರಿಚಿತವಾದ ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವುದನ್ನು ನಿಷೇಧಿಸಿದೆ. ನಮ್ಮ ಡಿಜಿಸಿಎ ಕೂಡ ಅದನ್ನು ತಲೆಮೇಲಿನ ಕಪಾಟಿನಲ್ಲಿ ಇಡಬಾರದು, ಅದರಿಂದ ಮೊಬೈಲ್ ಚಾರ್ಜ್ ಮಾಡಬಾರದು ಎಂದು ಸೂಚಿಸಿದೆ. ಆದ್ದರಿಂದ ಜೇಬಿನಲ್ಲಿಯೋ ಕಾಲಬಳಿಯ ಸಣ್ಣ ಚೀಲದಲ್ಲಿಯೋ ಇರಲಿ.

ಹೆಚ್ಚಿನವರು ಗಮನಿಸದ ಒಂದು ಸಂದರ್ಭವಿದೆ. ವಿಮಾನ ತುಂಬಿದ್ದಾಗ ಗೇಟಿನ ಬಳಿಯೇ ಸಿಬ್ಬಂದಿ ನಿಮ್ಮ ಟ್ರಾಲಿ ಚೀಲವನ್ನು ಪಡೆದು ಕೆಳಗಿನ ಸರಕು ಕೋಣೆಗೆ ಹಾಕುತ್ತಾರೆ. ಕೊಡುವ ಮುನ್ನ ಅದರೊಳಗಿನ ಪವರ್ ಬ್ಯಾಂಕ್, ಬಿಡಿ ಬ್ಯಾಟರಿಗಳನ್ನು ನೆನಪಿನಿಂದ ತೆಗೆದುಕೊಳ್ಳಿ. ಜೊತೆಗೆ ಮಾತ್ರೆ, ಪಾಸ್‌ಪೋರ್ಟ್, ಒಡವೆಯನ್ನೂ. ಲ್ಯಾಪ್‌ಟಾಪ್, ಕ್ಯಾಮೆರಾ ಸಹ ಕೈಚೀಲದಲ್ಲಿರುವುದೇ ಲೇಸು. ಅನಿವಾರ್ಯವಾಗಿ ಲಗೇಜಿಗೆ ಹಾಕುವುದಾದರೆ ಪೂರ್ತಿ ಆಫ್ ಮಾಡಿ.

ತುಪ್ಪ, ಗೊಜ್ಜು, ಜೋನಿಬೆಲ್ಲ: ಇವೆಲ್ಲ ದ್ರವವೇ

2006ರ ಆಗಸ್ಟ್‌ನಲ್ಲಿ ಬ್ರಿಟನ್ ಪೊಲೀಸರು ಒಂದು ಸಂಚನ್ನು ಬಯಲಿಗೆಳೆದರು. ತಂಪುಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಆಕಾಶದಲ್ಲೇ ಉಡಾಯಿಸುವ ಸಂಚು ಅದು. 100 ಮಿಲಿಲೀಟರ್ ನಿಯಮ ಹುಟ್ಟಿದ್ದು ಅಲ್ಲಿಂದ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದ ಯಾವ ದ್ರವದ ಡಬ್ಬಿಯೂ 100 ಮಿಲಿಲೀಟರ್ ಮೀರಬಾರದು, ಎಲ್ಲ ಡಬ್ಬಿಗಳೂ ಒಂದು ಲೀಟರ್ ಹಿಡಿಸುವ ಪಾರದರ್ಶಕ ಜಿಪ್ ಚೀಲದಲ್ಲಿ ಕೂರಬೇಕು.

ಇಲ್ಲಿ ಲೆಕ್ಕಕ್ಕೆ ಬರುವುದು ಡಬ್ಬಿಯ ಅಳತೆ, ಒಳಗೆ ಉಳಿದಿರುವ ವಸ್ತುವಲ್ಲ. 200 ಮಿಲಿಲೀಟರ್ ಬಾಟಲಿಯ ತಳದಲ್ಲಿ ನಾಲ್ಕು ಚಮಚ ಎಣ್ಣೆ ಇದ್ದರೂ ಅದನ್ನು ಬಿಡುವುದಿಲ್ಲ. ಇನ್ನು ದ್ರವ ಎಂದರೆ ನೀರಿನಂತೆ ಹರಿಯುವುದಷ್ಟೇ ಅಲ್ಲ. ಸುರಿಯುವ, ಹಚ್ಚುವ, ಹಿಂಡುವ, ಸಿಂಪಡಿಸುವ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ತುಪ್ಪ, ಜೇನುತುಪ್ಪ, ಪುಳಿಯೋಗರೆ ಗೊಜ್ಜು, ಮಲೆನಾಡಿನ ಜೋನಿಬೆಲ್ಲ, ಮೊಸರು, ಪಾಯಸ, ಬಾಣಂತಿ ಲೇಹ್ಯ, ಟೂತ್‌ಪೇಸ್ಟ್, ಕೂದಲೆಣ್ಣೆ ಎಲ್ಲ ಇದರಲ್ಲೇ ಬಂದವು. ಹೋಳಿಗೆ, ಚಕ್ಕುಲಿ, ಕೋಡುಬಳೆ, ಮೈಸೂರು ಪಾಕ್, ಧಾರವಾಡ ಪೇಡ ಗಟ್ಟಿ ಪದಾರ್ಥಗಳಾದ್ದರಿಂದ ಕೈಚೀಲದಲ್ಲೂ ನಡೆಯುತ್ತವೆ. ಉಪ್ಪಿನಕಾಯಿಯ ವಿಷಯದಲ್ಲಿ ಪೇಚಾಟ ಬೇಡ. ಎಣ್ಣೆಯೂ ಇದೆ, ಖಾರವೂ ಇದೆ, ಲಗೇಜಿಗೇ ಹಾಕಿ.

ದೇಶದೊಳಗಿನ ಪ್ರಯಾಣದಲ್ಲಿ ಕುಡಿಯುವ ನೀರಿನ ಬಾಟಲಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ, ಅಲ್ಲಿಂದ ಲಂಡನ್ ವಿಮಾನ ಹಿಡಿಯುವವರು ಮುಂಬೈಯಲ್ಲಿ ಮತ್ತೆ ತಪಾಸಣೆಗೆ ನಿಲ್ಲಬೇಕು. ಹುಬ್ಬಳ್ಳಿಯಲ್ಲಿ ದಾಟಿಬಂದದ್ದು ಮುಂಬೈಯಲ್ಲಿ ದಾಟಲಿಕ್ಕಿಲ್ಲ. ಎರಡನೆಯ ನಿಲ್ದಾಣದ ನಿಯಮವನ್ನೇ ಮನಸ್ಸಿನಲ್ಲಿಟ್ಟು ಮೊದಲ ನಿಲ್ದಾಣಕ್ಕೆ ಚೀಲ ಕಟ್ಟಿ. ಬ್ರಿಟನ್ನಿನ ಕೆಲವು ನಿಲ್ದಾಣಗಳು ಹೊಸ ಸ್ಕ್ಯಾನರ್ ಹಾಕಿ 100 ಮಿಲಿಲೀಟರ್ ಮಿತಿಯನ್ನು ಸಡಿಲಿಸಿವೆ. ಅಲ್ಲಿಂದ ಹೊರಟು ನಡುವೆ ವಿಮಾನ ಬದಲಿಸುವವರು ಆ ಸಡಿಲಿಕೆಯನ್ನು ನಂಬಿಕೊಂಡು ಬರಬಾರದು. ಡ್ಯೂಟಿ ಫ್ರೀ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಮೊಹರು ಹಾಕಿದ ಚೀಲದಲ್ಲಿ ಕೊಡುತ್ತಾರೆ. ಕೊನೆಯ ಊರು ತಲುಪುವವರೆಗೆ ಆ ಮೊಹರು ಒಡೆಯಬೇಡಿ, ರಸೀದಿಯೂ ಜೊತೆಗಿರಲಿ.

ಲಗೇಜಿನಲ್ಲಿ ದ್ರವ ಇಡುವಾಗ ಡಬ್ಬಿಯನ್ನು ಕಂಠಮಟ್ಟ ತುಂಬಬೇಡಿ. ಮೇಲೇರಿದಂತೆ ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಡಬ್ಬಿಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ, ಮುಚ್ಚಳದ ಸಂದಿಯಿಂದ ಎಣ್ಣೆ ಜಿನುಗುತ್ತದೆ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿದು, ಸುತ್ತ ಟೇಪ್ ಹಾಕಿ, ಎರಡು ಜಿಪ್ ಚೀಲಗಳಲ್ಲಿ ಒಂದರೊಳಗೊಂದು ಇಡಿ. ಗಾಜಿನ ಬಾಟಲಿಗಿಂತ ದಪ್ಪ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು.

ಸಾರಿನ ಪುಡಿಯೂ ಅನುಮಾನಕ್ಕೆ ಒಳಗಾದೀತು

ಅಮೆರಿಕಕ್ಕೆ ಹೋಗುವವರು ಪುಡಿಗಳ ನಿಯಮ ತಿಳಿದಿರಬೇಕು. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೊರಡುವ ವಿಮಾನಗಳ ಕೈಚೀಲದಲ್ಲಿ 350 ಮಿಲಿಲೀಟರ್ ಅಳತೆಗಿಂತ ಹೆಚ್ಚು ಪುಡಿ ಇದ್ದರೆ ಹೆಚ್ಚುವರಿ ತಪಾಸಣೆ ಮಾಡುತ್ತಾರೆ. ಅದೇನೆಂದು ಖಚಿತವಾಗದಿದ್ದರೆ ಒಳಗೆ ಬಿಡುವುದಿಲ್ಲ. ಒಂದು ತಂಪುಪಾನೀಯದ ಕ್ಯಾನ್ ತುಂಬುವಷ್ಟು ಎಂದು ಅಂದಾಜು ಮಾಡಿಕೊಳ್ಳಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ರಾಗಿ ಹಿಟ್ಟು, ಮಕ್ಕಳ ರಾಗಿ ಸರಿಹಿಟ್ಟು ಎಲ್ಲವನ್ನೂ ಲಗೇಜಿನಲ್ಲೇ ಇಡಿ. ಕಣ್ಣಿಗೆ ಎರಚಬಹುದಾದ ವಸ್ತುವೆಂಬ ಕಾರಣಕ್ಕೆ ಮೆಣಸಿನ ಪುಡಿಯನ್ನು ನಮ್ಮ ದೇಶದೊಳಗಿನ ವಿಮಾನದಲ್ಲೂ ಕೈಚೀಲದಲ್ಲಿ ಬಿಡುವುದಿಲ್ಲ. ಮನೆಯಲ್ಲಿ ಕುಟ್ಟಿದ ಪುಡಿಗಳ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ ಅಂಟಿಸಿದರೆ ಚೀಲ ತೆರೆದು ನೋಡುವವರಿಗೂ ನಿಮಗೂ ಅನುಕೂಲ.

ಕೊಬ್ಬರಿ, ಕರ್ಪೂರ, ಬೆಂಕಿಪೊಟ್ಟಣ: ಎರಡರಲ್ಲೂ ಇಲ್ಲ

ನಮ್ಮವರಿಗೆ ನಂಬಲಿಕ್ಕೇ ಕಷ್ಟವಾಗುವುದು ಕೊಬ್ಬರಿಯ ನಿಷೇಧ. ತಿಪಟೂರಿನ ಉಂಡೆ ಕೊಬ್ಬರಿ ಶುಭಕಾರ್ಯಕ್ಕೆ ಬೇಕು, ಬಾಣಂತಿಯ ಊಟಕ್ಕೆ ಬೇಕು. ಆದರೆ ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ತನ್ನದೇ ಸಂಖ್ಯೆಯಿದೆ: ಯುಎನ್ 1363. ಅದನ್ನು ಸೇರಿಸಿರುವುದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ. ಒಣಗಿದ ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಎಣ್ಣೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಶಾಖ ಹುಟ್ಟುತ್ತದೆ. ಒತ್ತೊತ್ತಾಗಿ ತುಂಬಿದ ಕಡೆ ಆ ಶಾಖ ಹೊರಹೋಗಲಾರದೆ ಏರುತ್ತಾ ಹೋಗುತ್ತದೆ. ಹೀಗಾಗಿ ಕೈಚೀಲಕ್ಕೂ ಇಲ್ಲ, ಲಗೇಜಿಗೂ ಇಲ್ಲ. ಗಿಟುಕನ್ನು ಬಟ್ಟೆಯ ನಡುವೆ ಬಚ್ಚಿಟ್ಟರೂ ಎಕ್ಸ್‌ರೇಯಲ್ಲಿ ಅದರ ಆಕಾರ ಎದ್ದು ಕಾಣುತ್ತದೆ. ಮಗಳಿಗೆ ಕೊಬ್ಬರಿ ಒಯ್ಯಬೇಕೆಂದಿರುವ ತಾಯಿ ಊರಲ್ಲೇ ಅಂಟಿನುಂಡೆ ಕಟ್ಟಿಕೊಂಡು ಹೋಗುವುದು ಜಾಣತನ. ತಿಂಡಿಯಾಗಿ ಮಾಡಿದ್ದನ್ನು ಯಾರೂ ಕೊಬ್ಬರಿಯೆಂದು ತಡೆಯುವುದಿಲ್ಲ.

ಇಡೀ ತೆಂಗಿನಕಾಯಿಗೂ ಕೈಚೀಲದಲ್ಲಿ ಪ್ರವೇಶವಿಲ್ಲ. ಲಗೇಜಿಗೆ ಹಾಕುವ ಮುನ್ನ ನಿಮ್ಮ ವಿಮಾನ ಸಂಸ್ಥೆಯನ್ನು ಕೇಳಿ, ಒಂದೊಂದು ಸಂಸ್ಥೆಯದು ಒಂದೊಂದು ನಿಲುವು. ಶಬರಿಮಲೆ ಯಾತ್ರಿಗಳಿಗೆ ಮಾತ್ರ ವಿನಾಯಿತಿ ಸಿಕ್ಕಿದ್ದುಂಟು. 2024ರ ಅಕ್ಟೋಬರ್‌ನಲ್ಲಿ ಬಿಸಿಎಎಸ್ ಇರುಮುಡಿಯೊಳಗಿನ ತೆಂಗಿನಕಾಯಿಯನ್ನು ಕೈಚೀಲವಾಗಿ ಒಯ್ಯಲು 2025ರ ಜನವರಿ 20ರವರೆಗೆ ಒಪ್ಪಿತ್ತು. ಎಕ್ಸ್‌ರೇ, ಸ್ಫೋಟಕ ಪತ್ತೆ ಪರೀಕ್ಷೆ ಮತ್ತು ಕೈಯಿಂದ ತಪಾಸಣೆ ಮೂರೂ ಆದ ಮೇಲೆಯೇ ಒಳಗೆ ಬಿಡಬೇಕೆಂಬ ಷರತ್ತೂ ಇತ್ತು. ಇದು ಮಂಡಲ, ಮಕರವಿಳಕ್ಕು ಕಾಲಕ್ಕೆ ಸೀಮಿತವಾದ ಅನುಮತಿ. ಆದ್ದರಿಂದ ಮಾಲಾಧಾರಿಗಳು ಆಯಾ ವರ್ಷದ ಆದೇಶವನ್ನು ವಿಚಾರಿಸಿಯೇ ಟಿಕೆಟ್ ಮಾಡಲಿ.

ಪೂಜಾ ಸಾಮಗ್ರಿಯಲ್ಲಿ ಕರ್ಪೂರ ಹೊತ್ತಿಕೊಳ್ಳುವ ಘನವಸ್ತು, ಅದಕ್ಕೂ ನಿಷೇಧ. ಬೆಂಕಿಪೊಟ್ಟಣ, ಲೈಟರ್‌ಗಳನ್ನು ನಮ್ಮ ದೇಶದಲ್ಲಿ ಕೈಚೀಲದಲ್ಲೂ ಲಗೇಜಿನಲ್ಲೂ ಬಿಡುವುದಿಲ್ಲ. ಪಟಾಕಿ, ಸುರುಸುರುಬತ್ತಿ, ಹುಟ್ಟುಹಬ್ಬದ ಪಾರ್ಟಿ ಪಾಪರ್, ಪೇಂಟ್, ಥಿನ್ನರ್, ಸೀಮೆಎಣ್ಣೆ, ಅಡುಗೆ ಅನಿಲದ ಸಣ್ಣ ಸಿಲಿಂಡರ್, ಪೆಪ್ಪರ್ ಸ್ಪ್ರೇ ಇವೂ ಅಷ್ಟೇ. ಇ-ಸಿಗರೇಟನ್ನು 2019ರಲ್ಲಿ ದೇಶವೇ ನಿಷೇಧಿಸಿದೆ. ಮದ್ಯದ ವಿಷಯದಲ್ಲಿ ಆಲ್ಕೋಹಾಲ್ ಪ್ರಮಾಣ ಶೇ 24ರಿಂದ 70ರ ನಡುವೆ ಇದ್ದರೆ ಒಬ್ಬರು 5 ಲೀಟರ್‌ವರೆಗೆ, ಅಂಗಡಿಯ ಮೂಲ ಮೊಹರಿನೊಂದಿಗೆ ಲಗೇಜಿನಲ್ಲಿ ಒಯ್ಯಬಹುದು. ಶೇ 70 ಮೀರಿದ್ದು ಬೇಡವೇ ಬೇಡ. ಇದು ವಿಮಾನದ ಲೆಕ್ಕ ಮಾತ್ರ, ತಲುಪುವ ರಾಜ್ಯದ ಅಬಕಾರಿ ನಿಯಮ ಬೇರೆಯೇ ಇರುತ್ತದೆ.

ಅಡಕತ್ತರಿಯಿಂದ ತೋಟೆಯವರೆಗೆ

ಹರಿತವಾದದ್ದು, ಮೊನಚಾದದ್ದು, ಬೀಸಿ ಹೊಡೆಯಬಹುದಾದದ್ದು ಲಗೇಜಿಗೆ. ಚಾಕು, ಕತ್ತರಿ, ಬ್ಲೇಡು, ಈಳಿಗೆಮಣೆ, ಸ್ಕ್ರೂಡ್ರೈವರ್, ಸ್ಪ್ಯಾನರ್, ಕ್ರಿಕೆಟ್ ಬ್ಯಾಟ್, ಮಕ್ಕಳ ಆಟದ ಪಿಸ್ತೂಲು ಎಲ್ಲ ಇದರಲ್ಲೇ ಬಂದವು. ಎಲೆ ಅಡಿಕೆ ಹಾಕುವ ಹಿರಿಯರ ಚೀಲದಲ್ಲಿ ಅಡಕತ್ತರಿ ಇರುತ್ತದೆ, ಹೊರಡುವ ಮುನ್ನ ಮನೆಯವರು ಅದನ್ನು ತೆಗೆದು ಲಗೇಜಿಗೆ ಹಾಕಿಕೊಡಬೇಕು. ಲಗೇಜಿನೊಳಗೂ ಅಲಗನ್ನು ದಪ್ಪ ಬಟ್ಟೆಯಲ್ಲಿ ಸುತ್ತಿಡಿ. ಚೀಲ ತೆರೆದು ನೋಡುವವರ ಕೈ ಕುಯ್ಯಬಾರದು. ಕೃಪಾಣ ಧರಿಸುವ ಸಿಖ್ ಪ್ರಯಾಣಿಕರಿಗೆ ದೇಶದೊಳಗಿನ ವಿಮಾನಗಳಲ್ಲಿ ವಿನಾಯಿತಿಯಿದೆ. ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು ಅಷ್ಟೇ.

ಕೊಡಗಿನವರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿಯಿದೆ. ಆ ವಿನಾಯಿತಿ ವಿಮಾನದೊಳಕ್ಕೆ ಬರುವುದಿಲ್ಲ. ತೋಟಕ್ಕೆ, ಬೇಟೆಯ ದಿನಗಳಿಗೆ, ಹಬ್ಬಕ್ಕೆ ಬಳಸಿದ ಚೀಲವನ್ನೇ ಪ್ರಯಾಣಕ್ಕೂ ತಂದರೆ ಮೂಲೆಯಲ್ಲಿ ಮರೆತುಹೋದ ಒಂದು ತೋಟೆ ಸಿಕ್ಕರೂ ಪೊಲೀಸ್ ಠಾಣೆ, ಪ್ರಕರಣ, ತಪ್ಪಿದ ವಿಮಾನ. ಬಂದೂಕು ಇರುವ ಯಾವುದೇ ಮನೆಯವರು ಪ್ರಯಾಣಕ್ಕೆ ಬೇರೆ ಚೀಲವನ್ನೇ ಇಟ್ಟುಕೊಳ್ಳುವುದು ಉತ್ತಮ.

ವಿದೇಶದಿಂದ ರಜೆಗೆ ಬರುವ ಕನ್ನಡಿಗರು ಉಪಗ್ರಹ ಫೋನ್ ಮತ್ತು ಚಾರಣಿಗರು ಬಳಸುವ ಉಪಗ್ರಹ ಸಂದೇಶ ಸಾಧನಗಳನ್ನು ಅಲ್ಲೇ ಬಿಟ್ಟುಬನ್ನಿ. ಅನುಮತಿಯಿಲ್ಲದೆ ಇವನ್ನು ಇಟ್ಟುಕೊಳ್ಳುವುದು ಇಲ್ಲಿ ಅಪರಾಧ. ಅದು ತಿಳಿಯದೆ ತಂದು ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾದ ವಿದೇಶಿಯರಿದ್ದಾರೆ.

ಔಷಧ, ಮಗುವಿನ ಆಹಾರ, ಪೇಸ್‌ಮೇಕರ್

ಪ್ರಯಾಣದ ವೇಳೆಗೆ ಬೇಕಾದ ಔಷಧ, ಮಗುವಿನ ಹಾಲು ಮತ್ತು ಆಹಾರಕ್ಕೆ 100 ಮಿಲಿಲೀಟರ್ ಮಿತಿಯಿಂದ ವಿನಾಯಿತಿಯಿದೆ. ಆದರೆ ಅವನ್ನು ಬೇರೆಯಾಗಿ ತೆಗೆದು ತೋರಿಸಬೇಕು. ಇನ್ಸುಲಿನ್ ಅನ್ನು ಎಂದೂ ಲಗೇಜಿಗೆ ಹಾಕಬೇಡಿ. ಸರಕು ಕೋಣೆಯ ಚಳಿಗೆ ಅದು ಹೆಪ್ಪುಗಟ್ಟಿದರೆ ಮತ್ತೆ ಕೆಲಸಕ್ಕೆ ಬಾರದು. ಲಗೇಜ್ ಒಂದು ದಿನ ತಡವಾಗಿ ಬಂದರೂ ಸಾಕಾಗುವಷ್ಟು ಔಷಧ ಕೈಚೀಲದಲ್ಲಿರಲಿ. ಮಾತ್ರೆಗಳನ್ನು ಮೂಲ ಪಟ್ಟಿಯಲ್ಲೇ ಇಡಿ, ವೈದ್ಯರ ಚೀಟಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೇ ಇರಲಿ. ಪಾದರಸದ ಥರ್ಮಾಮೀಟರ್ ಇದ್ದರೆ ಗಟ್ಟಿ ಕವಚದಲ್ಲಿಟ್ಟು ಲಗೇಜಿಗೆ ಹಾಕಿ. ಪಾದರಸ ಸೋರಿದರೆ ಅದು ವಿಮಾನದ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಆಮ್ಲಜನಕದ ಯಂತ್ರ ಬೇಕಾದವರು ಟಿಕೆಟ್ ಮಾಡುವಾಗಲೇ ವಿಮಾನ ಸಂಸ್ಥೆಗೆ ತಿಳಿಸಬೇಕು.

ಪೇಸ್‌ಮೇಕರ್ ಇರುವವರು ಸಾಲಿನಲ್ಲಿ ಮೊದಲೇ ಹೇಳಿ, ಕಾರ್ಡ್ ತೋರಿಸಿ, ಕೈಯಿಂದ ತಪಾಸಣೆ ಮಾಡಲು ಕೇಳಿಕೊಳ್ಳಿ. ಮಂಡಿ ಬದಲಿಸಿಕೊಂಡವರು ಲೋಹ ಶೋಧಕ ಸದ್ದು ಮಾಡಿದರೆ ಗಾಬರಿಯಾಗಬೇಕಿಲ್ಲ. ಹೆಂಗಸರನ್ನು ಪರದೆಯ ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ತಪಾಸಣೆ ಮಾಡುತ್ತಾರೆ. ತಾಳಿ, ಬಳೆ ತೆಗೆಯಬೇಕೆಂಬ ಆತಂಕ ಸಾಮಾನ್ಯವಾಗಿ ಬೇಡ.

ಗಸಗಸೆ: ಜೈಲಿಗೆ ಕಳಿಸಬಲ್ಲ ಅಡುಗೆ ಸಾಮಾನು

ಇದು ವಿಮಾನದ ನಿಯಮವಲ್ಲ, ಇಳಿಯುವ ದೇಶದ ಕಾನೂನು. ಆದರೆ ಮಂಗಳೂರಿನಿಂದ, ಬೆಂಗಳೂರಿನಿಂದ ಗಲ್ಫ್ ವಿಮಾನ ಹತ್ತುವ ಪ್ರತಿಯೊಬ್ಬರೂ ಇದನ್ನು ತಿಳಿದಿರಲೇಬೇಕು. ನಮ್ಮ ಮನೆಗಳಲ್ಲಿ ಪಾಯಸ ಮಾಡುವ ಗಸಗಸೆ ಅಫೀಮಿನ ಗಿಡದ ಬೀಜ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದನ್ನು ಮಾದಕವಸ್ತು ಕಾನೂನಿನ ಅಡಿಯಲ್ಲೇ ನೋಡುತ್ತಾರೆ. ಮಸಾಲೆ ಪೊಟ್ಟಣದಲ್ಲಿ ಒಂದು ಹಿಡಿ ಇದ್ದರೂ ಬಂಧನ, ವಿಚಾರಣೆಯ ಅಪಾಯವಿದೆ. ಗಸಗಸೆ ಬೆರೆಸಿದ ಮಸಾಲೆ ಪುಡಿಯನ್ನೂ ಒಯ್ಯಬೇಡಿ. ನಮ್ಮಲ್ಲಿ ವೈದ್ಯರು ಸುಲಭವಾಗಿ ಬರೆದುಕೊಡುವ ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಎಂಬ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಇವನ್ನು ಒಯ್ಯಲು ಅಲ್ಲಿನ ಆರೋಗ್ಯ ಸಚಿವಾಲಯದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು.

ಇದಕ್ಕಿಂತ ದೊಡ್ಡ ಅಪಾಯ ಬೇರೆಯವರ ಪೊಟ್ಟಣ. 'ಅಲ್ಲಿ ನಮ್ಮ ಹುಡುಗ ಬಂದು ತಗೊಳ್ತಾನೆ, ಇದೊಂದು ಇಟ್ಕೊಳ್ಳಿ' ಎಂದು ನೆಂಟರು, ಪರಿಚಯದವರು ಕೊಡುವುದುಂಟು. ದಾಕ್ಷಿಣ್ಯ ಬೇಡ. ಎದುರಿಗೇ ಬಿಚ್ಚಿಸಿ ನೋಡಿ, ಒಳಗೇನಿದೆ ಎಂದು ಅರ್ಥವಾದರೆ ಮಾತ್ರ ಇಟ್ಟುಕೊಳ್ಳಿ. ಚೀಲ ಯಾರದೋ ಹೊಣೆ ಅವರದೇ.

ಅಮೆರಿಕ, ಆಸ್ಟ್ರೇಲಿಯಾಗಳ ಕಟ್ಟುನಿಟ್ಟು ಇರುವುದು ಅಲ್ಲಿನ ಬೆಳೆಗಳನ್ನು ರೋಗದಿಂದ ಕಾಪಾಡಲಿಕ್ಕೆ. ಹಸಿ ಕರಿಬೇವು ಅಮೆರಿಕಕ್ಕೆ ನಿಷಿದ್ಧ. ಕಿತ್ತಳೆ, ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ರೋಗವನ್ನು ಹರಡುವ ಕೀಟ ಅದರ ಮೇಲೂ ಬದುಕುತ್ತದೆ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ, ಮಾಂಸದ ಪದಾರ್ಥ ಒಯ್ಯಬೇಡಿ. ಆಹಾರ ಇದೆಯೇ ಎಂದು ಕೇಳಿದಾಗ ಇದೆ ಎಂದೇ ಹೇಳಿ. ಹೇಳಿದ್ದಕ್ಕೆ ಹೆಚ್ಚೆಂದರೆ ಆ ವಸ್ತು ಹೋದೀತು, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ತಪಾಸಣೆಯ ಸಾಲಿನಲ್ಲಿ

ಸಾಮಾನ್ಯ ದರ್ಜೆಯ ಪ್ರಯಾಣಿಕರಿಗೆ ದೇಶದೊಳಗೆ ಒಂದೇ ಕೈಚೀಲ, ಸಾಮಾನ್ಯವಾಗಿ 7 ಕಿಲೊ. ಜೊತೆಗೆ ಲ್ಯಾಪ್‌ಟಾಪ್ ಚೀಲ ಅಥವಾ ಹೆಂಗಸರ ಪರ್ಸ್ ನಡೆಯುತ್ತದೆ. ಸಾಲಿಗೆ ಸೇರುವ ಮುನ್ನವೇ ಮೊಬೈಲ್, ಪರ್ಸ್, ಕೀಲಿಕೈ, ಚಿಲ್ಲರೆ, ಬೆಲ್ಟನ್ನು ತೆಗೆದು ಕೈಚೀಲದ ಒಂದು ಖಾನೆಯಲ್ಲಿ ಹಾಕಿ. ಬಿಡಿಬಿಡಿಯಾಗಿ ಟ್ರೇಯಲ್ಲಿ ಇಟ್ಟದ್ದೇ ಮರೆತುಹೋಗುವುದು. ಲ್ಯಾಪ್‌ಟಾಪ್, ಟ್ಯಾಬ್, ಕ್ಯಾಮೆರಾ, ಪವರ್ ಬ್ಯಾಂಕ್ ಹೊರತೆಗೆದು ಬೇರೆ ಟ್ರೇಯಲ್ಲಿ ಹರಡಿ. ಒಂದರ ಮೇಲೊಂದು ಇಟ್ಟರೆ ಎಕ್ಸ್‌ರೇಯಲ್ಲಿ ನೆರಳು ಸೇರಿಕೊಂಡು ಚೀಲ ಮತ್ತೆ ಯಂತ್ರಕ್ಕೆ ಹೋಗುತ್ತದೆ. ವಸ್ತುವನ್ನು ಎಲ್ಲ ಕೋನಗಳಿಂದ ತೋರಿಸುವ ಹೊಸ ಸಿಟಿ ಸ್ಕ್ಯಾನರ್‌ಗಳು ಇರುವ ಕಡೆ ಲ್ಯಾಪ್‌ಟಾಪ್ ತೆಗೆಯಬೇಕಿಲ್ಲ. ಅಲ್ಲಿ ಸಿಬ್ಬಂದಿ ಹೇಳಿದಂತೆ ಮಾಡಿ. ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ 2022ರ ಡಿಸೆಂಬರ್‌ನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಮೊದಲು ಬಂತು. ಅದು ಬಾಗಿಲಿನ ಸಾಲನ್ನು ಚುಟುಕುಗೊಳಿಸುತ್ತದೆ, ಚೀಲದ ತಪಾಸಣೆಯನ್ನಲ್ಲ.

ಬಾಂಬ್, ಅಪಹರಣ ಎಂಬ ಮಾತನ್ನು ತಮಾಷೆಗೂ ಆಡಬೇಡಿ. ಅಂಥ ಮಾತನ್ನು ನಿಜವೆಂದೇ ತಿಳಿದು ಕ್ರಮ ಕೈಗೊಳ್ಳುವುದು ಅವರ ಕರ್ತವ್ಯ, ಪ್ರಯಾಣ ಅಲ್ಲಿಗೇ ಮುಗಿಯುತ್ತದೆ.

ತಡೆದರೆ ಏನು ಮಾಡಬೇಕು?

ಮೊದಲು ಕಾರಣ ಕೇಳಿ. ಅದು ಕೈಚೀಲದಲ್ಲಿ ಮಾತ್ರ ನಿಷಿದ್ಧವಾದ ವಸ್ತುವಾದರೆ, ಸಮಯವಿದ್ದರೆ, ವಿಮಾನ ಸಂಸ್ಥೆಯ ಕೌಂಟರಿಗೆ ಮರಳಿ ಲಗೇಜಾಗಿ ಕೊಡಲು ಅವಕಾಶ ಕೇಳಬಹುದು. ಬಿಡಲು ಬಂದವರು ಹೊರಗಿದ್ದರೆ ಅವರ ಕೈಗೆ ಕೊಡಬಹುದು. ಅದಕ್ಕೇ, ಹಿರಿಯರನ್ನು ಬಿಡಲು ಹೋದವರು ಅವರು ತಪಾಸಣೆ ದಾಟಿ ಫೋನ್ ಮಾಡುವವರೆಗೆ ಅಲ್ಲೇ ಇರಿ. ಟ್ರೇಯಲ್ಲಿ ಏನಾದರೂ ಮರೆತುಬಂದಿದ್ದರೆ ಸಿಐಎಸ್‌ಎಫ್ ತನ್ನ ಜಾಲತಾಣದಲ್ಲಿ ನಿಲ್ದಾಣಗಳಲ್ಲಿ ಸಿಕ್ಕ ವಸ್ತುಗಳ ಪಟ್ಟಿ ಹಾಕುತ್ತದೆ, ಅಲ್ಲಿ ಹುಡುಕಿ. ಈ ಎಲ್ಲದಕ್ಕೂ ಕಾಲಾವಕಾಶ ಬೇಕು. ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ, ವಿದೇಶಕ್ಕೆ ಮೂರು ಗಂಟೆ ಮುಂಚೆ ಹೋಗಿ ಎನ್ನುವುದು ಇದಕ್ಕೇ.

ಹೊರಡುವ ಹಿಂದಿನ ದಿನ ಚೀಲಗಳನ್ನು ಪೂರ್ತಿ ಖಾಲಿ ಮಾಡಿ, ಪಕ್ಕದ ಜೇಬುಗಳನ್ನೂ ಕೊಡವಿ, ಹೊಸದಾಗಿ ತುಂಬಿ. ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಹಾಕಿ: ಇದರಿಂದ ಯಾರಿಗಾದರೂ ಗಾಯ ಮಾಡಬಹುದೇ? ಇದು ಹೊತ್ತಿಕೊಳ್ಳಬಹುದೇ? ಇದು ಸೋರಬಹುದೇ? ಗಾಯ ಮಾಡುವುದು ಲಗೇಜಿಗೆ. ಬ್ಯಾಟರಿ ಕೈಚೀಲಕ್ಕೆ, ಹೊತ್ತಿಕೊಳ್ಳುವ ಉಳಿದದ್ದು ಮನೆಗೆ. ಸೋರುವುದು ಬಿಗಿಯಾಗಿ ಕಟ್ಟಿ ಲಗೇಜಿಗೆ. ಅನುಮಾನ ಉಳಿದರೆ ವಿಮಾನ ಸಂಸ್ಥೆಯ ಜಾಲತಾಣ ನೋಡಿ, ಇಲ್ಲವೇ ಫೋನ್ ಮಾಡಿ ಕೇಳಿ. ನಿಯಮಗಳು ಆಗಾಗ ಬದಲಾಗುವುದರಿಂದ ಹೋದ ವರ್ಷ ಬಿಟ್ಟಿದ್ದರು ಎಂಬ ನೆನಪನ್ನು ನಂಬಬೇಡಿ. ಮನೆಯಲ್ಲಿ ಮೊದಲ ಸಲ ವಿಮಾನ ಹತ್ತುವ ಹಿರಿಯರಿದ್ದರೆ ಅವರಿಗೆ ಪಟ್ಟಿ ಕೈಗಿತ್ತು ಸುಮ್ಮನಾಗಬೇಡಿ. ಪಕ್ಕದಲ್ಲಿ ಕೂತು ಕಾರಣ ಹೇಳುತ್ತಾ ಚೀಲ ಕಟ್ಟಿಕೊಡಿ. ಏಕೆ ಎಂಬುದು ಗೊತ್ತಿದ್ದವರು ಆ ಸಾಲಿನಲ್ಲಿ ಧೈರ್ಯವಾಗಿ ನಿಲ್ಲುತ್ತಾರೆ.